ಹನ್ನೊಂದನೇ ನಂಬರಿನ ಜಗಳ

"ಶಾಂತರಾಜು ಅಂದ್ರೆ ನೀವೇನಾ?"

ಕೇಳಿದವಳು ಉತ್ತರಕ್ಕೂ ಕಾಯಲಿಲ್ಲ. ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ್ದ ಕಂಪ್ಯೂಟರ್ ಡಬ್ಬವನ್ನು ಅವನ ಮೇಜಿನ ಮೇಲೆ ದೊಪ್ಪನೆ ಕುಕ್ಕಲು ಎತ್ತಿದಳು... ಕೊನೇ ಗಳಿಗೆಯಲ್ಲಿ ಮನಸ್ಸು ಬಾರದೆ ಮೆಲ್ಲಗೆ ಇಟ್ಟಳು.

ಹನೂರು ಬಸ್ ಸ್ಟ್ಯಾಂಡಿನ ಹಿಂದಿನ ಆ ರಿಪೇರಿ ಅಂಗಡಿಯಲ್ಲಿ ಬಿಚ್ಚಿದ ಟಿ.ವಿ., ಮಿಕ್ಸಿ, ಹೊಟ್ಟೆ ತೆರೆದ ಪ್ರಿಂಟರುಗಳ ನಡುವೆ ಕೂತಿದ್ದ ಗಂಡಸು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ. ಮೂವತ್ತೆರಡು ಮೂವತ್ತಮೂರರ ವಯಸ್ಸು. ಮುಖದಲ್ಲಿ ಗಾಬರಿಯೇ ಇಲ್ಲ. ಅವಳಿಗೆ ಮೊದಲು ಸಿಟ್ಟು ತರಿಸಿದ್ದು ಅದೇ.

"ನಾನೇ ಮೇಡಂ. ಕುಂತ್ಕಳಿ."

"ಕುಂತ್ಕಳಕ್ಕೆ ಬಂದಿಲ್ಲ. ಕೊಳ್ಳೇಗಾಲದ ಸದಾಶಿವಪ್ಪನೋರ ಮಗಳು ನಾನು, ಕವಿತ. ಹದಿನೈದು ದಿನ ಊರಲ್ಲಿರ್ಲಿಲ್ಲ, ಅಕ್ಕನ ಬಾಣಂತನಕ್ಕೆ ಅಂತ ಯಳಂದೂರಲ್ಲಿದ್ದೆ. ಅಷ್ಟ್ರಲ್ಲಿ ನೀವು ಬಂದು ಇದ್ರೊಳಕ್ಕೆ ಹೊಸ ಕಾರ್ಡೊಂದು ತುರುಕಿ ಹೋದ್ರಂತೆ. ಈಗ ನೋಡಿ, ಜೀವನೇ ಇಲ್ಲ."

"ನಾನು ಬುಟ್ಟು ಬಂದಾಗ ಚೆನ್ನಾಗಿತ್ತು. ನಿಮ್ಮಪ್ಪಾರೂ ನೋಡಿದ್ರು."

"ಹಂಗಾದ್ರೆ ತಾನಾಗೇ ಕೆಟ್ಟೋಯ್ತಾ?"

ಅವನು ಗಂಟು ಬಿಚ್ಚತೊಡಗಿದ.

ಕವಿತಳಿಗೆ ಬೆಳಗಿನಿಂದ ಅಳು ಬರುವಂತಾಗಿತ್ತು. ಅಳುವುದು ಅವಳಿಗೆ ಒಗ್ಗದ ಕೆಲಸ, ಹಾಗಾಗಿ ಸಿಕ್ಕವರ ಮೇಲೆ ಸಿಟ್ಟು ಮಾಡುತ್ತಿದ್ದಳು. ಹನೂರಿಗೆ ಬಂದ ಬೆಟ್ಟದ ಬಸ್ಸಿನಲ್ಲಿ ಕಂಡಕ್ಟರು "ನಿಂಗೆ ಫ್ರೀ ಕಣವ್ವ, ಡಬ್ಬಕ್ಕೆ ಮಾತ್ರ ಟಿಕೀಟು" ಎಂದಾಗ ಅವನಿಗೂ ಒಂದು ಪಾಲು ಸಿಕ್ಕಿತ್ತು.

ಅವಳ ಸಂಕಟ ಸಣ್ಣದಲ್ಲ. ಕೊಳ್ಳೇಗಾಲದ ರೇಷ್ಮೆ ಮಗ್ಗಗಳಿಗೆ ಸೀರೆಯ ಅಂಚು, ಸೆರಗಿನ ಡಿಸೈನ್ ಹೋಗುವುದು ತೂತು ಹೊಡೆದ ರಟ್ಟಿನ ಪಟ್ಟಿಗಳಿಂದ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಕವಿತ ಕಂಪ್ಯೂಟರಿನಲ್ಲಿ ಬರೆಯುತ್ತಾಳೆ, ಅದಕ್ಕೆ ಜೋಡಿಸಿದ ಮಿಷನ್ನು ರಟ್ಟಿಗೆ ತೂತು ಹೊಡೆಯುತ್ತದೆ. ಹದಿನೇಳನೇ ವಯಸ್ಸಿನಿಂದ ಹನ್ನೆರಡು ವರ್ಷ, ಮುನ್ನೂರ ಹದಿನೇಳು ಡಿಸೈನು. ಅಷ್ಟೂ ಆ ಡಬ್ಬದೊಳಗಿನ ಹಳೇ ಡಿಸ್ಕಿನಲ್ಲಿದ್ದವು. ಬೇರೆಲ್ಲೂ ಇರಲಿಲ್ಲ. ಡಿಸ್ಕು ಸದ್ದು ಮಾಡಲು ಶುರುಮಾಡಿದ್ದರಿಂದಲೇ ಅಪ್ಪ ಇವನನ್ನು ಕರೆಸಿ ಹೊಸ ಡಿಸ್ಕು, ಅದಕ್ಕೊಂದು ಕಾರ್ಡು ಹಾಕಿಸಿದ್ದು. ಮಗಳು ಬಂದ ಮೇಲೆ ಎಲ್ಲವನ್ನೂ ಹೊಸದಕ್ಕೆ ಇಳಿಸಿಕೊಳ್ಳುವ ಮಾತಾಗಿತ್ತು.

ಶಾಂತರಾಜು ಟಾರ್ಚು ಹಿಡಿದು ಒಳಗೆ ಬಗ್ಗಿದ. ಬಹಳ ಹೊತ್ತು ನೋಡಿದ. ಬೆರಳಿನಿಂದ ಏನನ್ನೋ ಸವರಿ, ಮೂಸಿ, ಪ್ಯಾಂಟಿಗೆ ಒರೆಸಿಕೊಂಡ. ಅದೇ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಅಂಗಡಿಯ ಹೊರಗೆ ಹೋಗಿ, ಬರೀ "ಹೂಂ... ಹೂಂ... ಆಯ್ತು ಬುಡಿ" ಎಂದು ಒಳಗೆ ಬಂದ.

"ತಪ್ಪು ನಂದೇ ಮೇಡಂ," ಎಂದ.

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆ ಎಂದು ಅವಳು ಎಣಿಸಿರಲಿಲ್ಲ. ಜಗಳಕ್ಕೆಂದು ಸೊಂಟ ಕಟ್ಟಿಕೊಂಡು ಬಂದಿದ್ದಳು.

"ಏನ್ ತಪ್ಪು?"

"ಇದ್ರೊಳಗೆ ಒಂದೊಂದು ಕಾರ್ಡಿಗೂ ಒಂದೊಂದು ನಂಬರು ಅದೆ. ಕೆಲಸ ಇದ್ದಾಗ ಆ ನಂಬರಲ್ಲಿ ಕೂಗ್ತದೆ. ನಿಮ್ಮ ಹಳೇ ಡಿಸ್ಕಿನ ಕಾರ್ಡು, ನಾನು ಹಾಕಿದ ಕಾರ್ಡು, ಎರಡೂ ಈಗ ಹನ್ನೊಂದನೇ ನಂಬರು ಹಿಡ್ಕಂಡು ಕುಂತವೆ. ಇಬ್ಬರೂ ಒಂದೇ ಸಲ ಕೂಗುದ್ರೆ ಯಾರ ಮಾತೂ ಕೇಳಲ್ಲ. ಹಂಗಾಗಿ ಅದು ಕಲ್ಲು ಕುಂತಂಗೆ ಕುಂತ್ಬುಡ್ತದೆ."

"ಹೊಸದನ್ನ ಕಿತ್ತಾಕಿ."

"ಬರೀ ಹಳೇದ್ರಲ್ಲೂ ಎದ್ದೇಳಲ್ಲ, ಹಳೇ ಡಿಸ್ಕು ಹೊಸ ಕಾರ್ಡಿಗೆ ಕೂರಲ್ಲ. ನಾಳೆ ನಾನೇ ಕೊಳ್ಳೇಗಾಲಕ್ಕೆ ಬತ್ತೀನಿ, ನಿಮ್ಮ ರಟ್ಟಿನ ಮಿಷನ್ನಿಗೆ ಜೋಡಿಸೇ ನೋಡ್ಬೇಕು. ಅಲ್ಲೀಗಂಟ ಆನ್ ಮಾಡ್ಬೇಡಿ. ಜಗಳ ನಡೀವಾಗ ಡಿಸ್ಕಿನ ಮೇಲೆ ಏನೇನೋ ಬರೆದ್ಬುಡ್ತದೆ."

"ಶುಕ್ರವಾರ ಸಾಯಂಕಾಲದೊಳಗೆ ಆಗ್ಬೇಕು," ಎಂದಳು ಕವಿತ. "ದೊಡ್ಡಮಾದಪ್ಪನೋರ ಹದಿನಾಲ್ಕು ಮಗ್ಗ ನನ್ನ ರಟ್ಟಿಗೆ ಕಾಯ್ತಾ ಅವೆ. ಆಗ್ಲಿಲ್ಲ ಅಂದ್ರೆ ಅವ್ರು ಸೇಲಂ ಕಡೆ ಮಾಡಿಸ್ಕಂತಾರೆ. ಒಂದ್ಸಲ ಆ ಕಡೆ ಹೋದೋರು ತಿರುಗಿ ಬರಲ್ಲ. ನಮ್ಮ ಅಂಗ್ಡಿ ಮುಚ್ಚೋದೇ. ನನ್ನ ಕೆಲಸ ಅಲ್ಲಿಗೆ ಮುಗೀತು."

"ಶುಕ್ರವಾರ," ಎಂದು ಅವನು ಚೀಟಿಯಲ್ಲಿ ಬರೆದುಕೊಂಡ.

ಹಾಳಾದವನು, ಗಾಬರಿಯನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಾನಲ್ಲ... ಎಂದುಕೊಂಡು ಅವಳು ಡಬ್ಬ ಎತ್ತಿಕೊಂಡಳು.

ಮಂಗಳವಾರ ಬೆಳಗ್ಗೆ ಎಂಟಕ್ಕೇ ಬಂದ. ಕವಿತಳ ಮನೆಯ ಮುಂಗೋಣೆಯಲ್ಲೇ ಇದ್ದ ಅಂಗಡಿಯಲ್ಲಿ, ಕಿಟಕಿಯ ಬೆಳಕಿಗೆ ಚಾಪೆ ಹಾಸಿ, ಹಳೇ ಕಾರ್ಡನ್ನು ಅಂಗೈಯಲ್ಲಿ ಹಿಡಿದು ಕೂತ. ಅವನದೊಂದು ಕ್ರಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಬರೆದುಕೊಳ್ಳಬೇಕು. ಆಮೇಲೆ ಆನ್ ಮಾಡಬೇಕು. ಆಗದಿದ್ದರೆ ಆಫ್ ಮಾಡಿ, ಡಿಸ್ಕು ತಣ್ಣಗಾಗುವ ತನಕ ಕಾಯಬೇಕು.

ಕಾಯುವುದು! ಕವಿತಳಿಗೆ ಯಾರಾದರೂ ಬೇವಿನ ಸೊಪ್ಪು ಅಗಿ ಎಂದರೆ ಅಗಿದಾಳು, ಕಾಯಲಾರಳು. ಬಾಗಿಲಿಗೆ ಹೋದಳು, ಬಂದಳು. ರಟ್ಟಿನ ಕಟ್ಟುಗಳನ್ನು ಜೋಡಿಸಿದಳು, ಮತ್ತೆ ಅದನ್ನೇ ಬೇರೆ ಥರ ಜೋಡಿಸಿದಳು. ಅವನ ಕೈಯಲ್ಲಿ ಏನಿದೆ ಎಂದು ನಿಂತು ನೋಡುವಷ್ಟು ತಾಳ್ಮೆಯೂ ಅವಳಿಗಿರಲಿಲ್ಲ.

"ಎಲ್ಲಾನೂ ಒಟ್ಟಿಗೇ ಬದಲಾಯಿಸಿ ನೋಡ್ಬಾರ್ದಾ?"

"ಒಟ್ಟಿಗೆ ಮಾಡುದ್ರೆ ಯಾವ್ದರಿಂದ ಸರಿಹೋಯ್ತು, ಯಾವ್ದರಿಂದ ಕೆಡ್ತು ಅಂತ ಗೊತ್ತಾಗಲ್ಲ."

"ಡಿಸ್ಕು ಇಲ್ದೇನೇ ಆನ್ ಮಾಡಿ ನೋಡಿ, ಅದಕ್ಕಾದ್ರೂ ಪೆಟ್ಟು ಬೀಳಲ್ಲ."

"ನೋಡ್ದೆ. ಡಿಸ್ಕಿಲ್ಲ ಅಂದ್ರೆ ಕಾರ್ಡುಗಳಿಗೆ ಕೆಲಸನೇ ಇಲ್ವಲ್ಲ, ಎರಡೂ ಒಳ್ಳೇ ಮಕ್ಕಳಂಗೆ ಸುಮ್ಕಿರ್ತವೆ. ಕೆಲಸ ಕೊಟ್ಟಾಗ್ಲೇ ಜಗಳ."

ಅವಳಿಗೆ ನಗು ಬಂತು. ಬಂದದ್ದನ್ನು ತೋರಿಸಲಿಲ್ಲ.

ಅಪ್ಪನ ಸುಳಿವೇ ಇರಲಿಲ್ಲ. ಯಾವತ್ತೂ ಮಿಷನ್ನಿನ ಪಕ್ಕ ಬಿಟ್ಟು ಕದಲದ ಸದಾಶಿವಪ್ಪನವರು ಅವತ್ತು ಮಗ್ಗದ ಬೀದಿಗೆ ಹೋದವರು ಊಟಕ್ಕೂ ಬರಲಿಲ್ಲ. ಯೋಚನೆಗೆ ಬಿದ್ದಿದ್ದಾರೆ ಪಾಪ, ಎಂದುಕೊಂಡಳು ಮಗಳು.

ಡಿಸ್ಕು ಎರಡನೇ ಸಲ ತಣ್ಣಗಾಗಲು ಬಿಟ್ಟ ಹೊತ್ತಿನಲ್ಲಿ ಶಾಂತರಾಜು ಗೋಡೆಗೆ ತೂಗುಹಾಕಿದ್ದ ಸೀರೆಯ ಮಾದರಿ ತುಂಡುಗಳನ್ನು ನೋಡುತ್ತಾ ನಿಂತ. ಒಂದು ಅಂಚಿನ ಮುಂದೆ ನಿಂತವನು ಅಲ್ಲೇ ನಿಂತುಬಿಟ್ಟ.

"ಇದು ರಾಗಿ ತೆನೆ ಅಲ್ವಾ?"

ಕವಿತ ತಟ್ಟನೆ ತಿರುಗಿದಳು. ಆ ಅಂಚನ್ನು ನೋಡಿದವರೆಲ್ಲ ಹೂವು ಎಂದಿದ್ದರು, ಕೈಬೆರಳು ಎಂದವರೂ ಇದ್ದರು. ಹನೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಬರೆದಿದ್ದೇನೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

"ನಿಮಗೆ ಹೆಂಗೆ ಗೊತ್ತಾಯ್ತು?"

"ನಮ್ಮೂರು ಬಂಡಳ್ಳಿ. ಇದ್ರ ನಡುವೇನೇ ಬೆಳ್ದಿರೋದು." ಅವನು ಬೆರಳನ್ನು ತಾಗಿಸದೆ ಅಂಚಿನ ಉದ್ದಕ್ಕೂ ಎಳೆದ. "ಆದ್ರೆ ಇದಿನ್ನೂ ಬಲಿತಿಲ್ಲ. ಮುಷ್ಟಿ ಕಟ್ಟಕ್ಕೆ ಒಂದು ವಾರ ಅದೆ. ಈ ಹದದಲ್ಲೇ ಯಾಕೆ ಬರೆದ್ರಿ?"

"ಬಲಿತ ಮೇಲೆ ಬಗ್ಗಿಬಿಡ್ತದೆ. ಅದು ನಂಗೆ ಇಷ್ಟ ಇಲ್ಲ."

ಅವನು ಅವಳತ್ತ ನೋಡಿ ನಕ್ಕ. ಆ ನಗುವಿನಲ್ಲಿ ಏನಿತ್ತೋ... ಕವಿತ ಮತ್ತೆ ರಟ್ಟಿನ ಕಟ್ಟುಗಳನ್ನು ಜೋಡಿಸಲು ಹೋದಳು. ಅವನ್ನು ಆ ದಿನ ಜೋಡಿಸಿದ್ದು ಅದು ನಾಲ್ಕನೇ ಸಲ.

ಬುಧವಾರ ಅವನು ಮಧ್ಯಾಹ್ನಕ್ಕೆ ಬರುತ್ತೇನೆ ಎಂದಿದ್ದ. ಹಳೇ ಕಾರ್ಡಿನ ವಿವರದ ಪುಸ್ತಕ ಯಾರ ಬಳಿಯಾದರೂ ಇದೆಯೇ ಎಂದು ಹುಡುಕಿಕೊಂಡು ಹೋಗಿದ್ದ. ಹತ್ತೂವರೆ ಹೊತ್ತಿಗೆ ದೊಡ್ಡಮಾದಪ್ಪನವರ ಫೋನು ಬಂತು. "ಏನವ್ವ, ಆಯ್ತದಾ ಇಲ್ವಾ? ನೇಯೋರು ಕೈಕಟ್ಟಿ ಕುಂತವ್ರೆ."

ಅಷ್ಟು ಸಾಕಾಯಿತು. ಒಂದೇ ಒಂದು ಸಲ... ಎಂದುಕೊಂಡಳು. ನಾನು ಮುಟ್ಟಿದರೆ ಆಗಲೂಬಹುದು, ಹನ್ನೆರಡು ವರ್ಷ ನನ್ನ ಕೈಗೆ ಒಗ್ಗಿದ ಮಿಷನ್ನು. ಸ್ವಿಚ್ಚು ಒತ್ತಿದಳು.

ಎದ್ದಿತು! ನೀಲಿ ಪರದೆ ಬಂತು. ಡಿಸ್ಕು ಪರೀಕ್ಷಿಸುತ್ತಿದ್ದೇನೆ, ಕೆಟ್ಟದ್ದನ್ನು ಸರಿಪಡಿಸುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಸಾಲು ಸಾಲು ಓಡತೊಡಗಿತು. ಅವಳ ಮುಖ ಅರಳುವಷ್ಟರಲ್ಲಿ ಆ ಸಾಲುಗಳಲ್ಲಿ ಅವಳದೇ ಡಿಸೈನುಗಳ ಹೆಸರು ಬರತೊಡಗಿದವು. ಒಂದೊಂದರ ಮುಂದೆಯೂ ಅಳಿಸಲಾಗಿದೆ... ಅಳಿಸಲಾಗಿದೆ...

ಅವಳು ವೈರು ಹಿಡಿದು ಎಳೆದು ಗೋಡೆಯಿಂದ ಕಿತ್ತಳು. ಅಲ್ಲೇ ನೆಲದ ಮೇಲೆ ಕೂತಳು.

ಮಧ್ಯಾಹ್ನ ಶಾಂತರಾಜು ಬರಿಗೈಯಲ್ಲಿ ಬಂದ. ಪುಸ್ತಕ ಸಿಕ್ಕಿರಲಿಲ್ಲ. ಡಬ್ಬದ ಮುಂದೆ ಕೂತು ಕೇಳಿದ. "ಯಾರಾದ್ರೂ ಆನ್ ಮಾಡಿದ್ರಾ?"

"ಇಲ್ಲ," ಎಂದಳು ಕವಿತ.

ಅವನು ತಲೆಯಾಡಿಸಿ ಕೆಲಸಕ್ಕೆ ತೊಡಗಿದ. ಸುಳ್ಳು ಹೇಳಿದವಳಿಗೆ ಆ ದಿನದ ಅನ್ನ ಸೇರಲಿಲ್ಲ.

ಗುರುವಾರ ಸಾಯಂಕಾಲ ಸ್ವತಃ ದೊಡ್ಡಮಾದಪ್ಪನವರೇ ಬಾಗಿಲಲ್ಲಿ ನಿಂತಿದ್ದರು. ಶಾಂತರಾಜು ಆ ದಿನದ ಮೂರನೇ ಸಲ ಆನ್ ಮಾಡಿದ. ಒಳಗಿನಿಂದ ಟಕ್... ಟಕ್... ಎಂದು ಸದ್ದು ಬಂತು. ಪರದೆ ಅರ್ಧಕ್ಕೆ ನಿಂತಿತು. ಅವನು ಕೂಡಲೇ ಆಫ್ ಮಾಡಿದ.

"ಇನ್ನು ಒಂದು ಸಲ. ಹೆಚ್ಚು ಅಂದ್ರೆ ಎರಡು ಸಲ. ಅಷ್ಟೇ ಇದಕ್ಕಿರೋ ತ್ರಾಣ," ಎಂದ.

ದೊಡ್ಡಮಾದಪ್ಪನವರು ನಿಟ್ಟುಸಿರು ಬಿಟ್ಟರು. "ನಾಳೆ ಸಂದೆಗಂಟ ನೋಡ್ತೀನಿ ಕಣವ್ವ. ಆಮ್ಯಾಕೆ ನನ್ನ ಬಯ್ಕಬೇಡ," ಎಂದು ಹೊರಟುಹೋದರು.

ನಾಲ್ಕು ದಿನದಿಂದ ಒಳಗೆ ಕುದಿಯುತ್ತಿದ್ದದ್ದು ಕವಿತಳಿಂದ ಒಮ್ಮೆಗೇ ಉಕ್ಕಿತು.

"ನೀವು ಮುಟ್ಟಿದ್ದಕ್ಕೇ ಇದೆಲ್ಲ ಆಗಿದ್ದು. ನನ್ನ ಹನ್ನೆರಡು ವರ್ಷ ತಿಂದಾಕ್ಬುಟ್ರಿ ನೀವು. ಕಲ್ತಿರೋ ಕೆಲಸ ನೆಟ್ಟಗೆ ಬರ್ದೇ ಇದ್ಮೇಲೆ ಯಾಕ್ರೀ ಇನ್ನೊಬ್ಬರ ಜೀವನಕ್ಕೆ ಕೈ ಹಾಕ್ತೀರ? ಹೋಗಿ... ಇನ್ನು ಬರ್ಬೇಡಿ."

ಅವನು ಎದ್ದ. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ಮುಖ ಮಾತ್ರ ಸಪ್ಪಗಾಗಿತ್ತು. ಬಾಗಿಲಲ್ಲಿ ಒಂದು ಸಲ ನಿಂತು, ಒಳಕೋಣೆಯ ಕಡೆ ನೋಡಿ, ಹೊರಟುಹೋದ.

ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಅಡಗುತ್ತಿದ್ದಂತೆ ಒಳಕೋಣೆಯಿಂದ ಸದಾಶಿವಪ್ಪನವರು ಬಂದರು. ಹೆಗಲ ಟವಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಆ ಹುಡುಗನ ಮ್ಯಾಲೆ ಯಾಕವ್ವ ಕೂಗಾಡ್ದೆ? ಕೆಡಿಸ್ದೋನು ನಾನು."

"ಏನಪ್ಪ ಅಂತಿದ್ದೀಯ?"

"ಆಯುಧಪೂಜೆಗೆ ಮಗ್ಗನೆಲ್ಲ ಬಿಚ್ಚಿ, ಒರೆಸಿ, ವಿಭೂತಿ ಧರಿಸಿ ಕೂರಿಸ್ತೀವಲ್ಲ ಮಗ... ನಮಗೆ ಅನ್ನ ಹಾಕ್ತಿರೋದು ಇದು. ಇದಕ್ಕೆ ಮಾತ್ರ ಹೊರಗಡೆ ಕುಂಕುಮ ಇಟ್ಟು ಸುಮ್ಕಾಗೋದಾ ಅನ್ನುಸ್ತು. ಬಿಚ್ದೆ. ಒಳಗಿನ ಕಾರ್ಡನೂ ತೆಗೆದು ಒದ್ದೆ ಬಟ್ಟೇಲಿ ಒರೆಸ್ದೆ. ಒರೆಸ್ವಾಗ ಸಣ್ಣ ಸಣ್ಣ ಕರೀವು ನಾಲ್ಕು ಉದುರಿದ್ವು. ಕೊಳೆ ಅನ್ಕಂಡೆ. ನೋಡುದ್ರೆ ಟೋಪಿ ತರ ಇದ್ವು. ಸಿಕ್ಕ ಸಿಕ್ಕ ಕಡೆ ಸಿಗಿಸಿ, ವಿಭೂತಿ ಬಳ್ದು, ಮುಚ್ಚಿಬುಟ್ಟೆ."

ಕವಿತ ಬೈಕು ಹೋದ ಬೀದಿಯ ಕಡೆ ತಿರುಗಿದಳು.

"ಅವ್ರಿಗೆ... ಗೊತ್ತಿತ್ತಾ?"

"ಸೋಮವಾರನೇ ಕಂಡಿಡಿದ. ನಾನೇ ಫೋನ್ ಮಾಡಿ ಬೇಡ್ಕಂಡೆ, ನನ್ನ ಮಗಳಿಗೆ ಹೇಳ್ಬೇಡ ಕಣಪ್ಪ ಅಂತ. ನಿನ್ನ ಮುಖ ನೋಡಕ್ಕಾಯ್ತಿರ್ಲಿಲ್ಲ ಕೂಸೆ..."

ಅಪ್ಪನನ್ನು ಬೈಯಲು ಬಾಯಿ ತೆರೆದಳು. ನಾಲ್ಕು ದಿನ ಬೈಸಿಕೊಂಡವನ ಸಪ್ಪೆ ಮುಖವೇ ಕಣ್ಣ ಮುಂದೆ ನಿಂತಿತ್ತು. ಅಪ್ಪನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು, ಅಷ್ಟೇ.

ಫೋನಿನಲ್ಲಿ ಕ್ಷಮೆ ಕೇಳಬಹುದಿತ್ತು. ಆದರೆ ಎದುರಿಗೆ ನಿಂತು ಆಡಿದ ಮಾತನ್ನು ಎದುರಿಗೆ ನಿಂತೇ ತೊಳೆಯಬೇಕು ಎಂದು ಅವಳ ಹಟ. ಶುಕ್ರವಾರ ಬೆಳಗಿನ ಮೊದಲ ಬಸ್ಸು ಹಿಡಿದಳು. ಹನೂರಿನಲ್ಲಿ ಅಂಗಡಿ ಮುಚ್ಚಿತ್ತು. ಆಟೋ ಹಿಡಿದು ಬಂಡಳ್ಳಿಗೆ ಹೋದಳು. ಕೇಳಿ ಕೇಳಿ ಮನೆ ಹುಡುಕಿದಳು.

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಬಸಮ್ಮ, ಅಂದರೆ ಅವನ ತಾಯಿ, ತಲೆಯೆತ್ತಿದರು.

"ಯಾರವ್ವ ನೀನು?"

"ಕೊಳ್ಳೇಗಾಲದಿಂದ ಬಂದಿವ್ನಿ. ಶಾಂತರಾಜು ಅವ್ರು..."

"ಓ, ರಾಗಿ ತೆನೆ ಬರೆಯೋ ಹುಡ್ಗಿಯಾ?" ಚಿಕ್ಕಬಸಮ್ಮನ ಮುಖ ಅಗಲವಾಯಿತು. "ದಿನಕ್ಕೆರಡು ಮಾತಾಡೋನು ಮೂರು ದಿನದಿಂದ ನಿನ್ನ ಸುದ್ದಿನೇ ಆಡ್ತಿದ್ದ ಕಣವ್ವ. ನೆನ್ನೆಯಿಂದ ಮಾತ್ರ ಬಾಯ್ಗೆ ಬೀಗ. ಹೊಲ್ದಲ್ಲವ್ನೆ, ಓಗು."

ಕವಿತಳ ಕಿವಿ ಬಿಸಿಯಾಯಿತು. ಮನೆಯ ಹಿಂದಿನ ರಾಗಿ ಹೊಲದ ಬದುವಿನಲ್ಲಿ, ಹಂದಿ ಕಾಟಕ್ಕೆಂದು ಕಟ್ಟಿದ ಸೋಲಾರ್ ಬೇಲಿಯ ಬ್ಯಾಟರಿ ಬಿಚ್ಚಿಕೊಂಡು ಅವನು ಕೂತಿದ್ದ. ಅವಳನ್ನು ಕಂಡು ದಡಕ್ಕನೆ ಎದ್ದ. ಅವನು ಗಾಬರಿಯಾದದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಅಪ್ಪ ಎಲ್ಲಾ ಹೇಳ್ತು," ಎಂದಳು.

"ಹೇಳ್ಬಾರ್ದಿತ್ತು ಅವ್ರು."

"ನೀವು ಹೇಳ್ಬೇಕಿತ್ತು."

"ಫೋನಲ್ಲಿ ಅಳ್ತಿದ್ರು ಕಣ್ರಿ. ನನ್ನ ಬೈದ್ರೆ ನಂಗೇನಾಯ್ತದೆ? ಅದೇ ಮಾತು ನೀವು ಅವ್ರಿಗಂದಿದ್ರೆ, ಅಂದ್ಮೇಲೆ ನೀವೇ ಕೊರಗ್ತಿದ್ರಿ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಕಣ್ಣು ತುಂಬಿ ಬಂತು. ಈ ಸಲ ಅದನ್ನು ಸಿಟ್ಟಿಗೆ ತಿರುಗಿಸಲಿಲ್ಲ.

"ನಾನು ಆಡಿದ್ದೆಲ್ಲ ತಪ್ಪು. ಇನ್ನೊಂದದೆ... ಬುಧವಾರ ಆನ್ ಮಾಡಿದ್ದು ನಾನೇ. ಡಿಸೈನು ಅಳಿಸ್ತಾ ಹೋಯ್ತು. ಹೆದರಿ ವೈರು ಕಿತ್ತೆ. ನಿಮ್ಮತ್ರ ಸುಳ್ಳು ಹೇಳ್ದೆ."

"ಗೊತ್ತು."

"ಗೊತ್ತಾ?"

"ಅರ್ಧಕ್ಕೆ ನಿಂತಿದ್ರ ಗುರುತು ಉಳ್ದಿರ್ತದೆ."

"ಗೊತ್ತಿದ್ದೂ ಸುಮ್ಕಿದ್ರಾ?"

"ಕೇಳಿದ್ನಲ್ಲ. ನೀವು ಇಲ್ಲ ಅಂದ್ರಿ. ಇನ್ನೊಂದ್ಸಲ ಕೇಳಕ್ಕೆ ಮನಸು ಬರ್ಲಿಲ್ಲ."

ಇವನ ಜೊತೆ ಹೇಗೆ ಜಗಳ ಆಡುವುದೋ ಅವಳಿಗೆ ತಿಳಿಯಲಿಲ್ಲ. ಬದುವಿನ ಮೇಲೆ ಕೂತಳು. ಅವನೂ ಸ್ವಲ್ಪ ದೂರದಲ್ಲಿ ಕೂತ.

"ಈಗ ಏನೂ ಮಾಡಕ್ಕಾಗಲ್ವಾ?"

"ಆ ಕಾರ್ಡಲ್ಲಿ ಎಂಟು ಜೊತೆ ಸಣ್ಣ ಮುಳ್ಳು ಅವೆ. ಅದ್ರ ಮೇಲೆ ನಾಲ್ಕು ಟೋಪಿ. ಯಾವ್ಯಾವ ಮುಳ್ಳಿಗೆ ಟೋಪಿ ಅದೆ ಅನ್ನೋದ್ರ ಮೇಲೆ ಅದ್ರ ನಂಬರು, ವಿಳಾಸ ಎಲ್ಲಾ. ನಾಲ್ಕು ಟೋಪಿನ ಎಪ್ಪತ್ತು ತರ ಸಿಗಿಸ್ಬೋದು. ಏಳೆಂಟು ತರ ನೋಡ್ದೆ. ಡಿಸ್ಕಿಗೆ ಇನ್ನು ತ್ರಾಣ ಇಲ್ಲ. ಮೊದ್ಲು ಹೆಂಗಿತ್ತು ಅಂತ ಕಂಡೋರು ಯಾರಾದ್ರೂ ಇದ್ದಿದ್ರೆ..."

ಕವಿತ ಅವನನ್ನೇ ದಿಟ್ಟಿಸಿದಳು.

"ನಾನು ಕಂಡಿವ್ನಿ."

"ಏನು?"

"ಆರು ವರ್ಷದ ಕೆಳಗೆ ಮೈಸೂರಿಂದ ಒಬ್ಬರು ಬಂದು ಒಳಗಡೆ ಧೂಳು ತೆಗೆದ್ರು. ಟಾರ್ಚು ಹಿಡ್ಕಂಡು ನಿಂತಿದ್ದು ನಾನೇ. ತೂತು, ಮುಚ್ಚು, ತೂತು, ಮುಚ್ಚು... ದಿನಾ ಬೆಳಗಾದ್ರೆ ನಾನು ನೋಡೋದೇ ಅದು. ಆ ಟೋಪಿ ಸಾಲು ಚೆನ್ನಾಗದೆ ಅನ್ನುಸ್ತು. ಅದನ್ನೇ ತಕಂಡು ಅಕ್ಕನ ಮದ್ವೆ ಸೀರೆಗೆ ಚುಕ್ಕಿ ಸಾಲು ಬರೆದೆ."

ಅವಳು ಬಗ್ಗಿ, ಮಣ್ಣಿನಲ್ಲಿ ಬೆರಳಿನಿಂದ ಎಂಟು ಗುಳಿ ಮಾಡಿದಳು. ಬದುವಿನಿಂದ ನಾಲ್ಕು ಕಲ್ಲು ಆರಿಸಿಕೊಂಡು ಒಂದೊಂದಾಗಿ ಇಟ್ಟಳು. ಎರಡು ತುಂಬಿದ್ದು, ಎರಡು ಖಾಲಿ. ಆಮೇಲೆ ಒಂದು ತುಂಬಿದ್ದು, ಒಂದು ಖಾಲಿ, ಒಂದು ತುಂಬಿದ್ದು, ಒಂದು ಖಾಲಿ. ಎಲ್ಲೂ ತಡವರಿಸಲಿಲ್ಲ.

ಶಾಂತರಾಜು ಆ ಕಲ್ಲುಗಳನ್ನು ನೋಡಿದ. ಅವಳನ್ನು ನೋಡಿದ. ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಸೋಮವಾರನೇ ನಿಮ್ಮನ್ನ ಕೇಳಿದ್ರೆ..."

"ಸೋಮವಾರನೇ ಮುಗೀತಿತ್ತು," ಎಂದಳು ಕವಿತ. ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ. "ಒಳ್ಳೇತನ ಮಾಡಕ್ಕೆ ಹೋಗಿ ನಾಲ್ಕು ದಿನ ನನ್ನ ಜೀವ ತಿಂದ್ರಲ್ರೀ. ನನ್ನಿಂದ ಮುಚ್ಚಿಟ್ಟಿದ್ರಿಂದ ಯಾರಿಗೆ ಒಳ್ಳೇದಾಯ್ತು, ಹೇಳಿ? ನಾನೂ ಅಷ್ಟೇ, ನಿಮ್ಮ ಕೈಯಲ್ಲೇನದೆ ಅಂತ ಒಂದು ಸಲ ನಿಂತು ನೋಡಿದ್ರೆ ಸಾಕಿತ್ತು..."

ಅವನು ಆಗಲೇ ಬೈಕಿನ ಕಡೆ ಓಡುತ್ತಿದ್ದ. ಬೇಲಿಯ ಬ್ಯಾಟರಿ ಬಿಚ್ಚಿದ ಹಾಗೆಯೇ ಬಿದ್ದಿತ್ತು. ಹಂದಿಗಳಿಗೆ ಆ ದಿನ ಹಬ್ಬವಾಗಿದ್ದರೆ ಆಶ್ಚರ್ಯವಿಲ್ಲ.

ಬಂಡಳ್ಳಿಯಿಂದ ಹನೂರು, ಹನೂರಿನಿಂದ ಕೊಳ್ಳೇಗಾಲ. ಹಿಂದೆ ಕೂತವಳು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು, ಲಾರಿ ಅಡ್ಡ ಬಂದರೆ ಅವನ ಹೆಗಲ ಮೇಲಿಂದ ಬಗ್ಗಿ ಇಣುಕುತ್ತಿದ್ದಳು.

"ವಸಿ ಅಲುಗಾಡ್ದಂಗೆ ಕುಂತ್ಕಳಿ, ಗಾಡಿ ಎಳೀತದೆ," ಎಂದ.

"ಆಗಲ್ಲ," ಎಂದಳು. ಆದರೂ ಅವನ ಭುಜ ಹಿಡಿದುಕೊಂಡಳು. ಎದೆ ಬಡಿದುಕೊಳ್ಳುವುದು ಡಿಸ್ಕಿಗಾಗಿ ಮಾತ್ರವಲ್ಲ ಎಂದು ಆಗ ಅವಳಿಗೆ ಅರ್ಥವಾಯಿತು.

ಮನೆ ಸೇರಿದಾಗ ಎರಡು ಗಂಟೆ. ಅವನು ಕಾರ್ಡನ್ನು ಹೊರತೆಗೆದು, ಉಳಿದಿದ್ದ ವಿಭೂತಿಯನ್ನು ಒಣ ಬ್ರಷ್ಷಿನಿಂದ ಒರೆಸಿ, ಅವಳ ಕೈಗೇ ಕೊಟ್ಟ.

"ನೀವೇ ಸಿಗಿಸಿ."

ಚಿಮಟದಲ್ಲಿ ಒಂದೊಂದೇ ಟೋಪಿ ಹಿಡಿದು ಸಿಗಿಸಿದಳು. ನಾಲ್ಕು ದಿನದಲ್ಲಿ ಅವಳ ಕೈ ಅಷ್ಟು ನೆಟ್ಟಗೆ ನಿಂತಿದ್ದು ಆಗ ಮಾತ್ರ. ಅಪ್ಪ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಶಾಂತರಾಜು ಎಲ್ಲವನ್ನೂ ಕೂರಿಸಿ, ಅವಳ ಮುಖ ನೋಡಿ, ಸ್ವಿಚ್ಚು ಒತ್ತಿದ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಹಳೇ ಕಾರ್ಡು, ಹತ್ತನೇ ನಂಬರು. ಹೊಸ ಕಾರ್ಡು, ಹನ್ನೊಂದು. ಒಂದಾದ ಮೇಲೊಂದು ಡಿಸ್ಕು ತನ್ನ ಹೆಸರು ಹೇಳಿತು. ಆಮೇಲೆ ಅವಳ ಡಿಸೈನುಗಳ ಪಟ್ಟಿ ಮೇಲಿಂದ ಕೆಳಗೆ ತೆರೆದುಕೊಂಡಿತು.

ಮುನ್ನೂರ ಎಂಟು. ಒಂಬತ್ತು ಹೋಗಿದ್ದವು, ಅವಳು ಬುಧವಾರ ಕಳೆದದ್ದು. ದೊಡ್ಡಮಾದಪ್ಪನವರ ಅಂಚು, ಸೆರಗು ಎರಡೂ ಇದ್ದವು.

"ಒಂಬತ್ತು ನಂದೇ ತಪ್ಪು," ಎಂದಳು. "ಮತ್ತೆ ಬರೀತೀನಿ."

ಮೊದಲು ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿದರು. ನಾಲ್ಕು ಗಂಟೆಗೆ ರಟ್ಟಿನ ಮಿಷನ್ನು ಶುರುವಾಯಿತು. ಕೋಣೆಯ ತುಂಬ ಅದರ ದಡಬಡ ಸದ್ದು. ಸದಾಶಿವಪ್ಪನವರು ವಾರದ ಮೇಲೆ ತಮ್ಮ ಜಾಗದಲ್ಲಿ ಕೂತು ಒಂದೊಂದೇ ರಟ್ಟು ಕೊಡತೊಡಗಿದರು. ದೊಡ್ಡಮಾದಪ್ಪನವರ ಕಡೆಯ ಆಳು ಬಂದು ಮೊದಲ ಕಟ್ಟು ತೆಗೆದುಕೊಂಡು ಹೋದ.

ಶಾಂತರಾಜು ಚೀಲ ಹೆಗಲಿಗೇರಿಸಿ ಹೊರಡಲು ನಿಂತ. ಕವಿತ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಇನ್ನೂ ಏನಾರ ಮುಚ್ಚಿಟ್ಟಿದ್ದೀರಾ?"

ಅವನು ನೆಲ ನೋಡಿದ. "ಒಂದದೆ."

"ಯಾವತ್ತಿಂದ?"

"ಮಂಗಳವಾರದಿಂದ."

"ಈಗ್ಲೇ ಹೇಳಿ. ನಂಗೆ ಕಾಯಕ್ಕಾಗಲ್ಲ."

ಅವನು ಹೇಳಿದ. ಮಿಷನ್ನಿನ ಸದ್ದಿನಲ್ಲಿ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು.

"ಕೇಳಲ್ಲ, ಜೋರಾಗಿ ಹೇಳಿ."

ಹುಟ್ಟಿದಾಗಿನಿಂದ ದನಿ ಏರಿಸದ ಮನುಷ್ಯ ಅವತ್ತು ಬೀದಿಗೆ ಕೇಳುವಂತೆ ಕೂಗಬೇಕಾಯಿತು. "ನಿಮ್ಮನ್ನ ಕಂಡ್ರೆ ನಂಗೆ ಇಷ್ಟ ಕಣ್ರಿ. ಮದ್ವೆ ಆಗಣ ಅಂತ."

ಎದುರು ಮನೆಯ ಮಗ್ಗ ನಿಂತಿತು. ಸದಾಶಿವಪ್ಪನವರು ರಟ್ಟು ಹಿಡಿದ ಕೈಯನ್ನು ಕಿವಿಗೆ ಆನಿಸಿಕೊಂಡು ಒಳಗಿನಿಂದ ಕೇಳಿದರು.

"ಏನಂತವ್ನೆ ಮಗ?"

ಹದಿನಾಲ್ಕು ಮಗ್ಗ ಕಾಯುತ್ತಿದ್ದವು, ಮಿಷನ್ನು ನಿಲ್ಲಿಸುವಂತಿರಲಿಲ್ಲ. ಕವಿತ ಅಲ್ಲಿಂದಲೇ ಕೂಗಿದಳು.

"ನನ್ನ ಮದ್ವೆ ಆಯ್ತಾರಂತೆ ಕಣಪ್ಪ. ನಾನು ಹೂಂ ಅಂದೆ."

ಶಾಂತರಾಜು ಬೆಪ್ಪಾಗಿ ಅವಳ ಹತ್ತಿರ ಬಗ್ಗಿದ. "ನೀವು ಇನ್ನೂ ಅಂದಿಲ್ವಲ್ಲ..."

"ಈಗ ಅಂದ್ನಲ್ಲ," ಎಂದಳು ಕವಿತ. ಅವನ ಹೆಗಲಿನಿಂದ ಚೀಲ ಇಳಿಸಿ ತನ್ನ ಕೈಗೆ ತೆಗೆದುಕೊಂಡಳು. "ನಿಮ್ಮವ್ವಂಗೆ ಫೋನ್ ಮಾಡಿ, ಊಟಕ್ಕೆ ಕಾಯ್ಬೇಡ ಅಂತ."